ದಿವಾ ಬಂದಾಗ ಬಾಗಿಲು ಹಿಡಿಯುವವರು

ಬೆಳಿಗ್ಗೆ ಏಳು ಎರಡರ ಬದಲಾಪುರ ಫಾಸ್ಟ್ ಲೋಕಲ್ ರೈಲು ಹೆಸರಿಗಷ್ಟೇ ಫಾಸ್ಟ್. ಕಲ್ಯಾಣದವರೆಗೆ ಎಲ್ಲ ಸ್ಟೇಷನ್ನಿನಲ್ಲೂ ನಿಂತು, ತುಂಬಿದ ಮೇಲೂ ತುಂಬಿಸಿಕೊಂಡು, ಸಾಕಪ್ಪಾ ಸಾಕು ಎನ್ನುವಂತೆ ಠಾಣೆ ಮುಟ್ಟುತ್ತದೆ. ಅದರ ಮಧ್ಯದ ಲೇಡೀಸ್ ಡಬ್ಬಿಯಲ್ಲಿ ಲೋಲಾಕ್ಷಿಗೆ ಹನ್ನೊಂದು ವರ್ಷದಿಂದ ಒಂದು ಸೀಟು ಇತ್ತು. ಸುಶೀಲಾಬಾಯಿ ಮೊದಲು ಹತ್ತಿ ಕರ್ಚೀಫು ಹಾಕಿ ಹಿಡಿದಿಡುತ್ತಿದ್ದ ಸೀಟು. ಅವರ ಗುಂಪಿನಲ್ಲಿ ಆರು ಜನ. ಬೀನ್ಸ್ ಮುರಿಯುವುದು, ಹೂವು ಕಟ್ಟುವುದು, ಚಟ್ನಿ ಹಂಚಿಕೊಳ್ಳುವುದು, ಸೊಸೆಯಂದಿರನ್ನು ಬೈಯುವುದು, ಎಲ್ಲವೂ ಆ ಆರು ಸೀಟುಗಳ ನಡುವೆ. ಐವತ್ತೆರಡು ವರ್ಷದ ಲೋಲಾಕ್ಷಿಯ ಮಂಡಿಗೆ ಇಡೀ ದಿನದಲ್ಲಿ ಸಿಗುತ್ತಿದ್ದ ವಿಶ್ರಾಂತಿ ಅದೊಂದೇ.

ಅದಕ್ಕೆ ಪ್ರತಿಯಾಗಿ ಒಂದು ಕೆಲಸವೂ ಇತ್ತು. ಠಾಣೆಯಲ್ಲಿ ಇಳಿಯುವವರು ಡೊಂಬಿವಲಿಯಲ್ಲೇ ಎದ್ದು ಬಾಗಿಲಿಗೆ ಹೋಗಬೇಕು. ಠಾಣೆಗಿಂತ ಮೊದಲು ದಿವಾ ಸ್ಟೇಷನ್ ಬಂದಾಗ ಬಾಗಿಲು ಹಿಡಿಯಬೇಕು. ಎಂದರೆ, ನಡುವಿನ ಕಂಬಕ್ಕೆ ಒಂದು ಕೈ ಕೊಟ್ಟು, ಭುಜಕ್ಕೆ ಭುಜ ಸೇರಿಸಿ, ಚೀಲವನ್ನು ಅಡ್ಡ ಇಟ್ಟು, ಪ್ಲಾಟ್‌ಫಾರ್ಮಿನವರು ಹತ್ತಿ ದಾರಿ ತುಂಬಿದರೆ ಠಾಣೆಯಲ್ಲಿ ಇಳಿಯಲಾಗದು ಎಂದು, ಅವರು ಹತ್ತದಂತೆ ನಿಲ್ಲಬೇಕು.

ಮೊದಲ ವಾರವೇ ಲೋಲಾಕ್ಷಿ ಕೇಳಿದ್ದಳು, "ಪಾಪ, ಅವರೂ ಹೋಗ್ಬೇಕಲ್ಲ ಸುಶೀಲಕ್ಕ?"

ಗದಗಿನ ಕಡೆಯ ಸುಶೀಲಾಬಾಯಿ ಬೀನ್ಸಿನಿಂದ ತಲೆ ಎತ್ತಿರಲಿಲ್ಲ. "ಅವರಿಗೆ ಸ್ಲೋ ಗಾಡಿ ಬೇಕಾದಷ್ಟು ಅದಾವ. ಒಮ್ಮೆ ಪಾಪ ಅಂತ ಬಿಟ್ಟಿದ್ದಕ್ಕ ಆ ನೂಕಾಟದಾಗ ಈ ಮಣಿಕಟ್ಟು ಮುರೀತು. ಎರಡ ತಿಂಗಳ ಪಟ್ಟಿ ಕಟಗೊಂಡು ಕುಂತೆ. ಯಾವ ಪಾಪ ಬಂದು ನನಗ ಅಡಿಗಿ ಮಾಡಿ ಹಾಕಿತು?" ಉಳಿದವರು ನಕ್ಕಿದ್ದರು. ಎಲ್ಲರೂ ನಗುವಾಗ ಲೋಲಾಕ್ಷಿಯೂ ನಕ್ಕಳು. ಆಮೇಲೆ ಅವಳು ಕೇಳಲಿಲ್ಲ.

ಅವಳು ಠಾಣೆಯ ಒಂದು ಕಂಪನಿಯ ಕ್ಯಾಂಟೀನಿನಲ್ಲಿ ಮೇಲ್ವಿಚಾರಕಿ. ಎಂಟೂ ಕಾಲಿಗೆ ಎಲ್ಲರೂ ಒಳಗಿರಬೇಕು. ತಿಂಗಳಲ್ಲಿ ನಾಲ್ಕು ಸಲ ತಡವಾದರೆ ಕೆಲಸ ಹೋಯಿತೆಂದೇ ಲೆಕ್ಕ. ಇದು ಮ್ಯಾನೇಜರ್ ಯತಿನ್ ಮಾಡಿದ ನಿಯಮ, ರಿಜಿಸ್ಟರಿನಲ್ಲಿ ಬರೆಯುವ ಕರ್ಮ ಲೋಲಾಕ್ಷಿಯದು. ಹೊಸದಾಗಿ ಸೇರಿದ ರಮಿತಾ ಒಂದು ದಿನ, ಆ ತಿಂಗಳಲ್ಲಿ ಮೂರನೇ ಸಲ, ತಡವಾಗಿ ಬಂದಳು. ಬೆವರಿಗೆ ಅವಳ ಕುಂಕುಮ ಇಳಿದು ಹುಬ್ಬಿಗೆ ಬಂದಿತ್ತು.

"ಇನ್ನೊಂದು ಸಲ ಆದ್ರೆ ನನ್ನ ಕೈಯಲ್ಲಿಲ್ಲ," ಎಂದಳು ಲೋಲಾಕ್ಷಿ. "ಸ್ವಲ್ಪ ಬೇಗ ಹೊರಡ್ಲಿಕ್ಕೆ ಏನು ನಿಂಗೆ?"

"ನಲ್ಲಿ ನೀರು ಬರುದು ಏಳಕ್ಕೆ ಅಕ್ಕ. ತುಂಬಿಸಿಟ್ಟು ಓಡಿ ಬಂದ್ರೆ ಏಳು ನಲ್ವತ್ತರ ಫಾಸ್ಟ್ ಸಿಗ್ತದೆ. ಸಿಗ್ತದೆ, ಹತ್ಲಿಕ್ಕೆ ಆಗುದಿಲ್ಲ. ಮತ್ತಿನ ಸ್ಲೋ ಹಿಡಿದ್ರೆ ಲೇಟೇ."

"ಎಲ್ಲಿಂದ ಹತ್ತುದು?"

"ದಿವಾದಿಂದ."

ಲೋಲಾಕ್ಷಿಯ ಪೆನ್ನು ನಿಂತಿತು. ದಿವಾದ ಏಳು ನಲವತ್ತು ಎಂದರೆ ಬದಲಾಪುರದ ಏಳು ಎರಡು. ಅದೇ ಗಾಡಿ.

"ಯಾವ ಡಬ್ಬಿ?"

ರಮಿತಾ ಮುಖಕ್ಕೆ ಸುತ್ತಿಕೊಂಡು ಬರುವ ಓಢಣಿಯನ್ನು ಮಡಚುತ್ತಾ, "ಮಧ್ಯದ್ದು. ನಿಮ್ಮ ಹಸಿರು ಚೀಲ ದೂರದಿಂದ್ಲೇ ಗೊತ್ತಾಗ್ತದೆ," ಎಂದಳು.

"ನನ್ನ ಹತ್ರ ಹೇಳ್ಬಾರ್ದಿತ್ತಾ ಮಾರಾಯ್ತಿ?"

"ಏನಂತ ಹೇಳುದು ಅಕ್ಕ? ನೀವೊಬ್ರೇ ಅಲ್ಲವಲ್ಲ. ಎಲ್ರೂ ನಿಲ್ತಾರೆ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಲೋಲಾಕ್ಷಿಗೆ ಸುಲಭವಾಗುತ್ತಿತ್ತು, ತಿರುಗಿಸಿ ಎರಡು ಮಾತು ಅನ್ನಬಹುದಿತ್ತು. ಬೆಳಿಗ್ಗೆ ಬಾಗಿಲಲ್ಲಿ ಇವಳನ್ನು ತಡೆದವಳೂ ತಾನೇ, ತಡವಾಯಿತೆಂದು ಬರೆಯುವವಳೂ ತಾನೇ. ಅವಳಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು. "ನಾಳೆ ನನ್ನ ಬಾಗಿಲಿಗೇ ಬಾ, ನಾನು ಹತ್ತಿಸ್ಕೊಳ್ತೇನೆ," ಎಂದಳು.

"ಅಲ್ಲಿ ನನ್ನ ಜೊತೆ ಇನ್ನೂ ಏಳೆಂಟು ಮಂದಿ ಇರ್ತಾರೆ ಅಕ್ಕ," ಎಂದು ಹೇಳಿ ರಮಿತಾ ಪಾತ್ರೆ ತೊಳೆಯುವ ಕಡೆ ಹೋದಳು.

ಮರುದಿನ ಸುಶೀಲಾಬಾಯಿ ಕರ್ಚೀಫು ತೆಗೆದು ಸೀಟು ಕೊಟ್ಟರು. ಕೂತದ್ದೇ ಮಂಡಿ ಹಗುರಾಯಿತು, ನಾಲಗೆ ಭಾರವಾಯಿತು. ಉಲ್ಲಾಸನಗರದಲ್ಲಿ ಹೇಳೋಣ ಎಂದುಕೊಂಡಳು, ಆಗಲಿಲ್ಲ. ಕಲ್ಯಾಣದಲ್ಲಿ ಬಾಯಿ ತೆರೆಯುವಷ್ಟರಲ್ಲಿ ಯಾರೋ ಅವಳ ಬಾಯಿಗೆ ತಂಬಿಟ್ಟು ಹಾಕಿದರು. ತಿಂದಳು. ಹನ್ನೊಂದು ವರ್ಷ ಜೊತೆಗೆ ತಿಂದವರು. ಹೋದ ವರ್ಷ ಅವಳ ಗಂಡ ಆಸ್ಪತ್ರೆಯಲ್ಲಿದ್ದಾಗ ಸರದಿಯ ಮೇಲೆ ಊಟ ತಂದವರೂ ಇವರೇ. ಏನಂತ ಶುರು ಮಾಡುವುದು?

ಡೊಂಬಿವಲಿಯಲ್ಲಿ ಎದ್ದು ಬಾಗಿಲಿಗೆ ಹೋದಳು. ಎದುರಿಗೆ ಉಮಾವತಿ, ಠಾಣೆಯ ದವಾಖಾನೆಯೊಂದರಲ್ಲಿ ಕೆಲಸ ಮಾಡುವವಳು, ಗುಂಪಿನಲ್ಲೇ ಹಳಬಳು.

ದಿವಾ ಬಂತು. "ಬಾಗಲಾ ಹಿಡೀರಿ," ಎಂಬ ಸುಶೀಲಾಬಾಯಿಯ ದನಿ ಕೇಳಿತು.

ಲೋಲಾಕ್ಷಿ ಕಂಬದಿಂದ ಕೈ ತೆಗೆದಳು. ಹಸಿರು ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಪಕ್ಕಕ್ಕೆ ತಿರುಗಿದಳು.

"ಏನ ಲೋಲಾಕ್ಷಿ, ಕೈ ನೋವೇನ?"

"ಕೈ ನೋವಲ್ಲ ಸುಶೀಲಕ್ಕ." ಲೋಲಾಕ್ಷಿ ಬಾಗಿಲಿನ ಕಡೆಗೇ ನೋಡುತ್ತಾ ಹೇಳಿದಳು. "ಇದು ಸರಿಯಲ್ಲ. ನನ್ನಿಂದ ಇನ್ನು ಆಗುದಿಲ್ಲ."

ಉಮಾವತಿ ಕಂಬ ಹಿಡಿದೇ ಅವಳನ್ನು ನೋಡಿದಳು. ಆಮೇಲೆ ಅವಳೂ ಕೈ ತೆಗೆದಳು.

ಮುಖಕ್ಕೆ ಓಢಣಿ ಸುತ್ತಿದ ಹೆಂಗಸರು ಒಬ್ಬರ ಹಿಂದೆ ಒಬ್ಬರು ಹತ್ತಿದರು. ಮೂರನೆಯವಳು ರಮಿತಾ. ನೂಕಾಟವೇನೋ ಆಯಿತು. ಲೋಲಾಕ್ಷಿಯ ಕಾಲು ತುಳಿದರು, ಒಬ್ಬಳ ಟಿಫಿನ್ ಡಬ್ಬಿ ಪಕ್ಕೆಗೆ ಬಡಿಯಿತು. ಸುಶೀಲಾಬಾಯಿ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೂ ಠಾಣೆಯಲ್ಲಿ ಇಳಿಯಬೇಕಾದವರೆಲ್ಲ ಇಳಿದರು.

ಪ್ಲಾಟ್‌ಫಾರ್ಮಿನಲ್ಲಿ ಸೆರಗು ಸರಿಮಾಡಿಕೊಳ್ಳುತ್ತಾ ಉಮಾವತಿ ಮೆಲ್ಲಗೆ ಹೇಳಿದಳು, "ನಂಗೂ ಇದು ಯಾವತ್ತೂ ಸರಿ ಕಂಡದ್ದಿಲ್ಲ ಮಾರಾಯ್ತಿ. ನಿಮಗೆಲ್ಲ ಸರಿ ಕಾಣ್ತದಲ್ಲ ಅಂತ ಸುಮ್ಮನಿದ್ದೆ."

ಲೋಲಾಕ್ಷಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಾನೂ ಹನ್ನೊಂದು ವರ್ಷ ಇವಳ ಮುಖ ನೋಡಿಯೇ ಸುಮ್ಮನಿದ್ದವಳು. ಕ್ಯಾಂಟೀನಿನಲ್ಲಿ ಎಂಟೂ ಕಾಲಿಗೆ ನಾಲ್ಕು ನಿಮಿಷ ಇರುವಾಗ ರಮಿತಾ ಏಪ್ರನ್ ಕಟ್ಟಿಕೊಂಡು ನಿಂತಿದ್ದಳು. ಅಂದು ರಿಜಿಸ್ಟರಿನಲ್ಲಿ ಬರೆಯಲು ಏನೂ ಇರಲಿಲ್ಲ.

ಮರುದಿನ ಬದಲಾಪುರದಲ್ಲಿ ಹತ್ತಿದಾಗ ಅವಳ ಸೀಟಿನ ಮೇಲೆ ಕರ್ಚೀಫು ಇರಲಿಲ್ಲ. ಅಲ್ಲಿ ಬೇರೆ ಯಾರೋ ಕೂತಿದ್ದರು. ಬಾಗಿಲ ಹತ್ತಿರದ ಮೂಲೆಸೀಟಿನಲ್ಲಿ ಕೂತ ಸುಶೀಲಾಬಾಯಿ ಮಾತಾಡಿಸಲಿಲ್ಲ. ಲೋಲಾಕ್ಷಿ ನಿಂತಳು. ಅಂಬರನಾಥ, ಉಲ್ಲಾಸನಗರ, ಕಲ್ಯಾಣ. ಮಂಡಿ ಉರಿಯುತ್ತಿತ್ತು. ಇಷ್ಟಕ್ಕೆ ಹೆದರಿ ಹನ್ನೊಂದು ವರ್ಷ ಕಳೆದೆನಲ್ಲ ಎಂದು ಬೇಸರವಾಯಿತು. ಇನ್ನು ಎಷ್ಟು ವರ್ಷ ನಿಲ್ಲಬೇಕೋ ಎಂದೂ ಅನ್ನಿಸಿತು.

ಡೊಂಬಿವಲಿ ದಾಟಿತು. ಅವಳೂ ಉಮಾವತಿಯೂ ಬಾಗಿಲಿಗೆ ಹೋದರು. ಗಾಡಿ ನಿಧಾನವಾಗಿ ದಿವಾ ಪ್ಲಾಟ್‌ಫಾರ್ಮಿಗೆ ಬಂತು. ಲೋಲಾಕ್ಷಿ ಹಿಂದಿನಿಂದ ಬರುವ ಕೂಗಿಗಾಗಿ ಬೆನ್ನು ಗಟ್ಟಿ ಮಾಡಿಕೊಂಡಳು. ಕೂಗು ಬರಲಿಲ್ಲ. ಯಾರೋ ಅವಳ ಚೀಲ ಜಗ್ಗಿದರು. ತಿರುಗಿದರೆ, ಒಮ್ಮೆ ಮುರಿದು ಸೊಟ್ಟಗೆ ಕೂಡಿದ್ದ ಮಣಿಕಟ್ಟಿನ ಕೈ.

"ಆ ಚೀಲ ಇತ್ತ ಕೊಡು," ಎಂದರು ಸುಶೀಲಾಬಾಯಿ, ಅವಳ ಮುಖ ನೋಡದೆ. "ಹತ್ತೋರಿಗೆ ಅಡ್ಡ ಬರತದ."