ಮುರಿಯದ ರೊಟ್ಟಿ

ಗೋಧಿ ತಿಂದರೆ ಮನುಷ್ಯರಿಗೆ ಕಾಯಿಲೆ ಬರುತ್ತದೆ ಎಂದು ಮೊದಲ ಸಲ ಕೇಳಿದಾಗ ನಾನು ಬಿದ್ದು ಬಿದ್ದು ನಕ್ಕಿದ್ದೆ. ಈಗ ಅದು ನೆನಪಾದರೆ ನನ್ನ ಕೆನ್ನೆಗೆ ನಾನೇ ಎರಡು ಬಿಗಿದುಕೊಳ್ಳಬೇಕು ಅನಿಸುತ್ತದೆ.

ನಾನು ಭಾಗವ್ವ. ರೋಣದ ಕಡೆಯವಳು. ಮಗ ವೀರೇಶ ಬೆಂಗಳೂರಿನಲ್ಲಿ ಡೆಲಿವರಿ ಕೆಲಸ ಹಿಡಿದ ಮೇಲೆ ನಾನೂ ಬಂದೆ. ಮಾರೇನಹಳ್ಳಿಯ ಒಂದು ಮನೆಯ ಕೆಳಗಡೆ ಬಾಡಿಗೆಗಿದ್ದೇವೆ. ಕೈಕಟ್ಟಿ ಕೂರುವುದು ನನ್ನ ಜಾಯಮಾನವಲ್ಲ, ಹಾಗಾಗಿ ಜೋಳದ ರೊಟ್ಟಿ ಬಡಿದು ಮಾರಲು ಶುರುಮಾಡಿದೆ. ವಿಜಯನಗರದಿಂದ ನಾಗರಬಾವಿಯವರೆಗೆ ಹದಿನೆಂಟು ಮನೆಗಳಿಗೆ ನನ್ನ ರೊಟ್ಟಿ ಹೋಗುತ್ತದೆ. ತೆಳ್ಳಗೆ, ದುಂಡಗೆ ಇರಬೇಕು. ಬಡಿಯುವಾಗ ಅಂಚು ಸೀಳಬಾರದು, ಎತ್ತಿ ಹಂಚಿಗೆ ಹಾಕುವಾಗ ಮುರಿಯಬಾರದು. ಮುರಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ನನ್ನ ಬಾಯಿ ಕೆಟ್ಟದ್ದು. ಬೀದಿಗೆಲ್ಲ ಗೊತ್ತಿರುವ ಮಾತನ್ನು ನಿಮ್ಮ ಹತ್ತಿರ ಮುಚ್ಚಿಟ್ಟು ಏನು ಪ್ರಯೋಜನ?

ಮೇಲಿನ ಮನೆಯಲ್ಲಿರುವವರು ಓನರ್ ಅಲಮೇಲು. ಶಾಲೆಯಲ್ಲಿ ಟೀಚರ್. ಅವರ ಮಗಳು ಅಮೂಲ್ಯಾ ಈಗ ಒಂಬತ್ತನೇ ಕ್ಲಾಸು. ನಾವು ಬಂದ ಹೊಸತರಲ್ಲಿ ಆ ಹುಡುಗಿಯನ್ನು ನೋಡಿ ನಾಲ್ಕನೇ ಕ್ಲಾಸು ಅಂದುಕೊಂಡಿದ್ದೆ. ಅಷ್ಟು ಸಣ್ಣ. ಉಂಡರೆ ಹೊಟ್ಟೆ ಉಬ್ಬರ, ಭೇದಿ, ಮುಖದಲ್ಲಿ ರಕ್ತವೇ ಇಲ್ಲ. ಒಂದೂವರೆ ವರ್ಷದ ಹಿಂದೆ ಗಂಟಲಲ್ಲಿ ಪೈಪು ಇಳಿಸಿ ನೋಡಿದ ಡಾಕ್ಟರು ಅದಕ್ಕೆ ಸೀಲಿಯಾಕ್ ಎಂದು ಹೆಸರು ಹೇಳಿದರು.

"ಭಾಗವ್ವನೋರೇ, ಗೋಧಿ, ಮೈದಾ, ರವೆ, ಬಾರ್ಲಿ, ಏನೂ ಕೊಡ್ಬಾರ್ದಂತೆ. ಜೀವನಪೂರ್ತಿ" ಎಂದರು ಅಲಮೇಲು.

ನಾನು ನಕ್ಕಿದ್ದು ಆಗಲೇ. "ಚಪಾತಿ ತಿಂದು ಯಾರರ ಸತ್ತಾರೇನ್ರೀ ಟೀಚರ?"

ಅವರು ನಗಲಿಲ್ಲ. "ಕರುಳಿನ ಒಳಗಿನ ಪದರನೇ ಸವೆದುಹೋಗಿದೆ. ಒಂದು ಚಿಟಿಕೆ ಹಿಟ್ಟು ಹೋದ್ರೂ ಮತ್ತೆ ಗಾಯ ಆಗುತ್ತಂತೆ." ನನ್ನ ನಗು ಅಲ್ಲೇ ನಿಂತಿತು.

ಆಮೇಲೆ ಅವರು ಪಟ್ಟ ಪಾಡು ನೋಡಿ ನಾನು ದಂಗಾದೆ. ಉಪ್ಪಿಟ್ಟು ಹೋಯಿತು, ಶಾವಿಗೆ ಹೋಯಿತು, ಬ್ರೆಡ್ಡು, ಬಿಸ್ಕತ್ತು ಹೋಯಿತು. ಹೋಟೆಲಿನ ದೋಸೆಗೂ ರವೆ ಬೆರೆಸಿರುತ್ತಾರೆ ಎಂದು ಅದೂ ಹೋಯಿತು. ಒಂದು ದಿನ ಇಂಗಿನ ಡಬ್ಬಿ ಹಿಡಿದುಕೊಂಡು ಕೆಳಗೆ ಓಡಿಬಂದರು. "ಇದನ್ನ ಓದಿ! ಇಂಗಿನಲ್ಲೂ ಗೋಧಿ ಹಿಟ್ಟು!" ಅಯ್ಯ ಶಿವನೇ, ಇಂಗಿನಲ್ಲಿ! ಸತ್ಯನಾರಾಯಣ ಪೂಜೆಗೆ ಹೋದರೆ ಆ ಹುಡುಗಿ ಸಜ್ಜಿಗೆಯ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಅಮ್ಮನ ಕೈಗೆ ಕೊಟ್ಟುಬಿಡುತ್ತಿದ್ದಳು. ಗೆಳತಿಯರ ಹುಟ್ಟುಹಬ್ಬಕ್ಕೆ ಹೋಗುವಾಗ ಚೀಲದಲ್ಲಿ ನನ್ನ ರೊಟ್ಟಿ ಇರುತ್ತಿತ್ತು.

ಹೌದು, ನನ್ನ ರೊಟ್ಟಿ. "ಹೊರಗಡೆಯಿಂದ ಬರೋದ್ರಲ್ಲಿ ಇದೊಂದನ್ನ ಕಣ್ಮುಚ್ಚಿ ನಂಬ್ತೀನಿ" ಎನ್ನುತ್ತಿದ್ದರು ಅಲಮೇಲು. ನಾನೂ ಹಾಗೇ ನಡೆದುಕೊಂಡೆ. ಬೀದಿಯ ಮಿಲ್ಲಿನಲ್ಲಿ ಎಲ್ಲರ ಗೋಧಿಯೂ ಬೀಸುತ್ತಾರೆಂದು ಮನೆಗೇ ಒಂದು ಪುಟ್ಟ ಗಿರಣಿ ತಂದೆ, ಬರೀ ಜೋಳಕ್ಕೆ. ವೀರೇಶನ ಚಪಾತಿಯ ಹಿಟ್ಟನ್ನು ಮೇಲಿನ ಅಟ್ಟದ ಡಬ್ಬಿಗೆ ಏರಿಸಿದೆ. ಅದರ ತವಾ ಬೇರೆ, ಹಿಟ್ಟು ನಾದುವ ಪರಾತ ಬೇರೆ. ಎಂಟು ತಿಂಗಳಲ್ಲಿ ಅಮೂಲ್ಯಾಳ ಕೆನ್ನೆ ತುಂಬಿತು, ಲಂಗ ಮೋಟಾಯಿತು. ಅವಳು ಮೆಟ್ಟಿಲು ಹತ್ತುವಾಗ ಧಡಧಡ ಸದ್ದು ಕೇಳಿದರೆ ನನಗೆ ಹೆಮ್ಮೆ.

ಅಷ್ಟರಲ್ಲಿ ನಾನು ಬಚ್ಚಲಿನಲ್ಲಿ ಜಾರಿ ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿ, ಎರಡೂವರೆ ತಿಂಗಳು ಹಿಟ್ಟಿನ ಹತ್ತಿರ ಸುಳಿಯಬೇಡಿ ಎಂದರು.

ರೊಟ್ಟಿಯ ಕೆಲಸ ಸೊಸೆ ವಿಜಯಶ್ರೀಯ ತಲೆಗೆ ಬಂತು. ಕೆಂಗೇರಿಯಲ್ಲಿ ಹುಟ್ಟಿ ಬೆಳೆದ ಹುಡುಗಿ. ಮುದ್ದೆ ತಿರುವು ಎಂದರೆ ಕಣ್ಣುಮುಚ್ಚಿ ತಿರುವುತ್ತಾಳೆ, ರೊಟ್ಟಿ ಬಡಿಯಲು ಬರುವುದಿಲ್ಲ. ನಾನು ಪ್ಲಾಸ್ಟರ್ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಒಲೆಯ ಪಕ್ಕ ಕುರ್ಚಿ ಹಾಕಿ ಕೂತೆ. ಅವಳು ಬಡಿದಳು, ಅಂಚು ಸೀಳಿತು. ಎತ್ತಿದಳು, ಮುರಿಯಿತು. ನನ್ನ ಬಾಯಿ ಶುರುವಾಯಿತು.

"ನಿಮ್ಮವ್ವ ನಿನಗ ಏನ ಕಲಿಸ್ಯಾಳ? ಈ ಮುರುಕ ರೊಟ್ಟಿ ಯಾರ ತಿಂತಾರ, ನಿಮ್ಮಪ್ಪಗ ಕಳಸೂಣೇನು? ಹದಿನೆಂಟು ಮನಿ ಮುಂದ ನನ್ನ ಮರ್ಯಾದಿ ಕಳದಿ!"

ಅವಳು ಮೂಗು ಒರೆಸಿಕೊಂಡು ಮತ್ತೆ ಬಡಿಯುತ್ತಿದ್ದಳು. ಹತ್ತು ಹನ್ನೆರಡು ದಿನ ಹೀಗೇ ಕಳೆಯಿತು. ಆಮೇಲೆ ಒಂದು ಬೆಳಿಗ್ಗೆ ನೋಡುತ್ತೇನೆ, ರೊಟ್ಟಿ ಮುರಿಯಲಿಲ್ಲ! ಒಂದಾದ ಮೇಲೊಂದು, ದುಂಡಗೆ, ತೆಳ್ಳಗೆ, ಅಂಚಿನಲ್ಲಿ ಒಂದು ಬಿರುಕಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಊರಿನ ತಂಗಿಗೆ ಫೋನು ಮಾಡಿ ಹೇಳಿಕೊಂಡೆ. "ನನ್ನ ಬೈಗುಳ ತಿಂದು ಕಲತಾಳ ನೋಡು. ಕೈ ಪಳಗೇತಿ." ಎಡಗೈಯಲ್ಲಿ ಮುರಿದು ತಿಂದೆ. ಮೆತ್ತಗಿತ್ತು. ಹೊಸ ಜೋಳ ಚೆನ್ನಾಗಿದೆ ಅಂದುಕೊಂಡೆ. ನಲವತ್ತು ವರ್ಷ ರೊಟ್ಟಿ ತಿಂದ ಬಾಯಿಗೆ ಗೊತ್ತಾಗಲಿಲ್ಲವಲ್ಲ!

ಅದಾದ ಎರಡು ಮೂರು ವಾರಕ್ಕೆ ಅಮೂಲ್ಯಾ ಮತ್ತೆ ಮಲಗಿದಳು. ಅದೇ ಹೊಟ್ಟೆನೋವು, ಅದೇ ಭೇದಿ. ರಕ್ತ ಪರೀಕ್ಷೆ ಮಾಡಿಸಿದರೆ ಗೋಧಿ ಬಿಟ್ಟ ಮೇಲೆ ಇಳಿದಿದ್ದ ಕಾಯಿಲೆಯ ಅಂಕಿ ಎರಡು ಪಟ್ಟು ಏರಿದೆ. ಎಲ್ಲಿಂದಲೋ ಗೋಧಿ ಹೊಟ್ಟೆಗೆ ಹೋಗುತ್ತಿದೆ, ಹುಡುಕಿ ಎಂದರಂತೆ ಡಾಕ್ಟರು. ಅಲಮೇಲು ಅಡುಗೆಮನೆಯನ್ನೆಲ್ಲ ಜಾಲಾಡಿದರು. ಸಾರಿನ ಪುಡಿ ಚೆಲ್ಲಿದರು, ಹಳೆಯ ಲಟ್ಟಣಿಗೆ ಎಸೆದರು. ಕೊನೆಗೆ ಮಗಳ ಸ್ಕೂಲ್ ಬ್ಯಾಗ್ ತೆಗೆದರೆ ಅದರಲ್ಲಿ ವೇಫರ್ ಬಿಸ್ಕತ್ತಿನ ಖಾಲಿ ಕವರು!

ಒಂದು ಏಟು ಕೊಟ್ಟು ಮಗಳನ್ನು ನನ್ನ ಹತ್ತಿರ ಎಳೆದು ತಂದರು. "ನೀವೇ ಕೇಳಿ ಭಾಗವ್ವನೋರೇ. ನನ್ ಹತ್ರ ಸುಳ್ಳು ಹೇಳ್ತಾಳೆ."

"ಅದು ದಿವ್ಯಂದು, ಅಜ್ಜಿ. ನನ್ ಪಕ್ಕ ಕೂತ್ಕೊಳ್ತಾಳೆ, ಕಸದ ಬುಟ್ಟಿಗೆ ಹಾಕು ಅಂತ ಕೊಟ್ಳು. ನಾನು ತಿಂದಿಲ್ಲ."

"ತಿಂದಿಲ್ಲಾದ್ರ ಹೊಟ್ಟಿಗೆ ಹ್ಯಾಂಗ ಹೋತು? ಗಾಳ್ಯಾಗ ಹಾರಿ ಬಂತೇನು? ಅವ್ವ ನಿನ್ನ ಸಲುವಾಗಿ ಜೀವಾ ತೇಯಾಕತ್ತಾಳ, ನೀ ಕದ್ದು ತಿಂತೀಯೇನು ಕಳ್ಳಿ?" ಬೈದದ್ದಷ್ಟೇ ಅಲ್ಲ, ಆ ಕೂಸನ್ನು ದೇವರ ಜಗಲಿಯ ಮುಂದೆ ನಿಲ್ಲಿಸಿದೆ. "ದೀಪ ಮುಟ್ಟಿ ಹೇಳು."

ಅವಳು ದೀಪ ಮುಟ್ಟಿದಳು. ಬಾಗಿಲ ಬಳಿ ನಿಂತಿದ್ದ ವಿಜಯಶ್ರೀಯ ಮುಖ ಬಿಳಿಚಿಕೊಂಡಿತ್ತು. ನಾನು ಅದನ್ನೂ ನೋಡಿದ್ದೆ, ಹುಡುಗಿಯ ಮೇಲಿನ ಕನಿಕರ ಇರಬೇಕು ಅಂದುಕೊಂಡಿದ್ದೆ.

"ಅಮ್ಮ, ನಾಳೆಯಿಂದ ನಂಗೆ ಭಾಗವ್ವಜ್ಜಿ ರೊಟ್ಟಿ, ಮೊಸರು, ಅಷ್ಟೇ" ಎಂದಳು ಅಮೂಲ್ಯಾ ಅಳುತ್ತಾ. "ಬೇರೆ ಏನೂ ಮುಟ್ಟಲ್ಲ. ಒಂದು ತಿಂಗಳು ಬಿಟ್ಟು ಟೆಸ್ಟ್ ಮಾಡ್ಸು. ಆಗ ನಂಬ್ತೀಯಲ್ಲ?"

ಮರುದಿನದಿಂದ ಅವಳ ಮೂರು ಹೊತ್ತಿನ ಊಟ ನನ್ನ ಮನೆಯಿಂದಲೇ. ಮೊದಲ ದಿನ ವಿಜಯಶ್ರೀ ಅವಳ ಡಬ್ಬಿ ತುಂಬಿಸಿಟ್ಟಿದ್ದಳು. ಮುಚ್ಚಳ ತೆಗೆದರೆ ಒಳಗೆ ಮುರುಕು ರೊಟ್ಟಿ! ಒಂದು ಅರ್ಧ, ಒಂದು ಕಾಲು, ಅಂಚೆಲ್ಲ ಸೀಳಿದ್ದು. ಪಕ್ಕದಲ್ಲಿ ಬೇರೆ ಮನೆಗಳಿಗೆಂದು ದುಂಡನೆಯ ರೊಟ್ಟಿಗಳ ಸಾಲು.

"ಬ್ಯಾನಿ ಬಿದ್ದ ಕೂಸಿಗೆ ಮುರುಕ ಕಳಸ್ತೀಯೇನ? ನಿನ್ನ ಕೈಗೆ ಬೆಂಕಿ ಹಚ್ಚ!" ಎಂದು ಕಿರುಚಿ, ಮುರಿದದ್ದನ್ನೆಲ್ಲ ಬೀದಿಯ ಹಾಲಿನವನ ಎಮ್ಮೆಗೆಂದು ಇಟ್ಟಿದ್ದ ಬುಟ್ಟಿಗೆ ಹಾಕಿದೆ. ಎಡಗೈಯಿಂದಲೇ ಎಲ್ಲಕ್ಕಿಂತ ತೆಳ್ಳಗಿದ್ದ, ಮೆತ್ತಗಿದ್ದ ಆರು ರೊಟ್ಟಿ ಆರಿಸಿ ಡಬ್ಬಿಗಿಟ್ಟೆ. ಎರಡನೆಯ ದಿನವೂ ಹಾಗೇ ಆಯಿತು, ಮೂರನೆಯ ದಿನವೂ. ನಾಲ್ಕನೆಯ ದಿನದಿಂದ ಅವಳ ಡಬ್ಬಿಗೂ ದುಂಡನೆಯ ರೊಟ್ಟಿಯೇ ಬಂತು.

ತಿಂಗಳು ಕಳೆಯಿತು. ಹುಡುಗಿ ಒಣಗಿ ಕಡ್ಡಿಯಾದಳು. ಮೆಟ್ಟಿಲಿನ ಧಡಧಡ ನಿಂತುಹೋಯಿತು, ಕಂಬಿ ಹಿಡಿದುಕೊಂಡು ಹತ್ತುತ್ತಿದ್ದಳು. ಗೋಧಿ ತಿನ್ನದೆಯೂ ಅಂಕಿ ಏರುತ್ತಿದ್ದರೆ ಕಾಯಿಲೆ ಮುಂದಿನ ಹಂತಕ್ಕೆ ಹೋಗಿರಬಹುದು, ಭಾರಿ ಮಾತ್ರೆ ಶುರುಮಾಡಬೇಕು ಎಂದಿದ್ದರಂತೆ ಡಾಕ್ಟರು. "ಅದಕ್ಕಿಂತ ಇವಳು ಸುಳ್ಳಿ ಅಂತ ಆದ್ರೇ ಒಳ್ಳೇದು ಅನ್ಸುತ್ತೆ ನಂಗೆ" ಎಂದು ಅಲಮೇಲು ನನ್ನೆದುರು ಅತ್ತರು. ಶನಿವಾರ ಬೆಳಿಗ್ಗೆ ರಕ್ತ ಕೊಟ್ಟು ಬಂದರು. ಸಂಜೆಗೆ ರಿಪೋರ್ಟು.

ಅದೇ ಶನಿವಾರ ನನಗೆ ಫಿಸಿಯೋಥೆರಪಿಯವರು, ಇನ್ನು ಮೆತ್ತಗಿರುವುದನ್ನು ಹಿಸುಕಿ ಅಭ್ಯಾಸ ಮಾಡಿ ಎಂದರು. ಮೆತ್ತಗಿರುವುದಕ್ಕೆ ನಾನೆಲ್ಲಿಗೆ ಹೋಗಲಿ? ಸಂಜೆಯ ರೊಟ್ಟಿಗೆ ವಿಜಯಶ್ರೀ ನಾದಿಟ್ಟಿದ್ದ ಹಿಟ್ಟಿನಿಂದ ಒಂದು ಉಂಡೆ ತೆಗೆದುಕೊಂಡೆ. ಎರಡೂವರೆ ತಿಂಗಳ ಮೇಲೆ ಬಲಗೈಗೆ ಹಿಟ್ಟು ತಾಗಿತು. ಒಂದು ಸಲ ಹಿಸುಕಿದೆ. ಇನ್ನೊಂದು ಸಲ. ಕೈ ಅಲ್ಲೇ ನಿಂತಿತು.

ಜೋಳದ ಹಿಟ್ಟನ್ನು ಎಳೆದರೆ ತಟ್ಟನೆ ತುಂಡಾಗುತ್ತದೆ. ನಾನು ಎಳೆದೆ. ತುಂಡಾಗಲಿಲ್ಲ. ಜಗ್ಗಿತು.

ಇನ್ನೊಮ್ಮೆ ಎಳೆದೆ. ಜಗ್ಗಿತು.

"ವಿಜಯಾ, ಇದರಾಗ ಏನ ಹಾಕೀದಿ?"

ಅವಳ ಕಣ್ಣು ಮೇಲಕ್ಕೆ, ಅಟ್ಟದ ಮೇಲಿನ ಚಪಾತಿ ಹಿಟ್ಟಿನ ಡಬ್ಬಿಯ ಕಡೆಗೆ ಹೋಯಿತು. ತಕ್ಷಣ ಏಟು ಬೀಳುತ್ತದೇನೋ ಎಂಬಂತೆ ಮುಖಕ್ಕೆ ಕೈ ಅಡ್ಡ ಹಿಡಿದಳು.

"ಎರಡು ಹಿಡಿ ಅತ್ತೆ. ಮುರಿಯಲ್ಲ ಅಂತ ಮೊಬೈಲ್‌ನಲ್ಲಿ ತೋರ್ಸಿದ್ರು. ಎರಡು ಹಿಡಿಯಿಂದ ಏನಾಗುತ್ತೆ ಅಂದ್ಕೊಂಡೆ. ನೀವು ಅಮೂಲ್ಯಾ ಕೈನ ದೀಪಕ್ಕೆ ಮುಟ್ಸಿದ್ರಲ್ಲ, ಅವತ್ತು ನಂಗೆ ಗೊತ್ತಾಯ್ತು. ಹೇಳಕ್ಕೆ ಬಾಯಿ ಬರ್ಲಿಲ್ಲ. ಅವಳಿಗೆ ಅಂತ ಬರೀ ಜೋಳದ್ದು ಬೇರೆ ಮಾಡಿಟ್ಟೆ. ಪರಾತ ತೊಳೆದು, ಅವಳದ್ದೇ ಮೊದ್ಲು ಮಾಡ್ದೆ. ಅವು ಮುರಿದೋದ್ವು." ಅವಳು ಎಮ್ಮೆಯ ಬುಟ್ಟಿಯ ಕಡೆ ಕೈ ತೋರಿಸಿದಳು. "ನೀವೇ ತೆಗೆದು ಎಸೆದ್ರಿ ಅತ್ತೆ. ನೀವೇ ಬೇರೆ ಹಾಕಿದ್ರಿ. ಮೂರು ದಿನ. ಆಮೇಲೆ ಮತ್ತೆ ಬೇರೆ ಮಾಡೋ ಧೈರ್ಯ ಬರ್ಲಿಲ್ಲ."

ಆ ಮುರುಕು ರೊಟ್ಟಿ! ಆ ಹುಡುಗಿಗೆ ಬೇಕಾಗಿದ್ದ ಒಂದೇ ಒಂದು ಶುದ್ಧವಾದ ಊಟವನ್ನು ನಾನು ಎಮ್ಮೆಯ ಬುಟ್ಟಿಗೆ ಸುರಿದಿದ್ದೆ. ಆರಿಸಿ ಆರಿಸಿ ವಿಷ ಇಟ್ಟವಳು ನಾನು. ಬೈಯಲು ಬಾಯಿ ತೆರೆದೆ. ಯಾರನ್ನು ಬೈಯಲಿ?

ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಹತ್ತಿದೆ. ಅಮೂಲ್ಯಾ ಮೇಜಿನ ಮುಂದೆ ಕೂತು ಮೊಸರಿಗೆ ರೊಟ್ಟಿ ಅದ್ದುತ್ತಿದ್ದಳು. ಕೈಯಿಂದ ತುತ್ತನ್ನು ಕಸಿದುಕೊಂಡೆ. ಅವಳು ಬೆಚ್ಚಿಬಿದ್ದು, ಏಟು ತಪ್ಪಿಸಿಕೊಳ್ಳುವವಳ ಹಾಗೆ ಕೈ ಅಡ್ಡ ಹಿಡಿದಳು. ಈಗತಾನೇ ಕೆಳಗೆ ನನ್ನ ಸೊಸೆ ಹಿಡಿದದ್ದೂ ಹಾಗೇ.

"ಬೇರೆ ಏನೂ ತಿಂದಿಲ್ಲ ಅಜ್ಜಿ! ನಿಜವಾಗ್ಲೂ!"

ಒಳಗಿನಿಂದ ಅಲಮೇಲು ಮೊಬೈಲ್ ಹಿಡಿದುಕೊಂಡು ಬಂದರು. ಮುಖ ಸುಣ್ಣವಾಗಿತ್ತು. "ರಿಪೋರ್ಟ್ ಬಂತು. ಇನ್ನೂ ಜಾಸ್ತಿಯಾಗಿದೆ. ಕೇಳಿ ಇವಳನ್ನ, ಈಗೇನು ಹೇಳ್ತಾಳೆ ಕೇಳಿ!"

"ಆಕಿನ್ನ ಕೇಳಬ್ಯಾಡ್ರಿ" ಎಂದೆ. "ನನ್ನ ಕೇಳ್ರಿ. ರೊಟ್ಟಿಯಾಗ ಗೋದಿ ಐತಿ. ಎರಡು ತಿಂಗಳಾತು. ರೊಟ್ಟಿ ಮುರದ್ರ ನಾ ಬೈತೀನಂತ ಹೆದರಿ ಹಾಕ್ಯಾಳ ನನ್ನ ಸೊಸಿ. ಕೂಸಿಗಂತ ಬ್ಯಾರೆ ಮಾಡಿಟ್ಟಿದ್ಲು, ಅದನ್ನ ಚೆಲ್ಲಿದಾಕಿ ನಾ."

ಅಲಮೇಲು ಗೋಡೆಗೆ ಒರಗಿ ಹಾಗೇ ನೆಲಕ್ಕೆ ಕುಸಿದರು. ಮಗಳಿಗೆ ಹೊಡೆದಿದ್ದ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದರು. ಬೈಯುತ್ತಾರೆ, ಮನೆ ಖಾಲಿ ಮಾಡಿ ಅನ್ನುತ್ತಾರೆ ಎಂದು ಕಾದೆ. ಅವರು ಅಂಗೈಯಿಂದ ಕಣ್ಣು ತೆಗೆಯಲಿಲ್ಲ.

ಅಮೂಲ್ಯಾ ನನ್ನನ್ನೇ ನೋಡಿದಳು. "ಹಾಗಾದ್ರೆ ನಾನು ಸುಳ್ಳು ಹೇಳಿರ್ಲಿಲ್ಲ ಅಲ್ವಾ ಅಜ್ಜಿ? ನಂಗೇ ಡೌಟ್ ಬಂದುಬಿಟ್ಟಿತ್ತು. ನಿದ್ದೆಗಣ್ಣಲ್ಲಿ ಎದ್ದು ಏನಾದ್ರೂ ತಿಂತಿದೀನೇನೋ ಅಂತ. ಅದಕ್ಕೇ ರಾತ್ರಿ ಕಾಲಿಗೆ ದುಪಟ್ಟಾ ಕಟ್ಕೊಂಡು ಮಲಗ್ತಿದ್ದೆ."

ನಾನು ಅಲ್ಲೇ ಕೂತು ಗೊಳೋ ಎಂದು ಅತ್ತೆ.

ಚಪಾತಿ ಹಿಟ್ಟು ಮನೆಯಿಂದ ಹೊರಗೆ ಹೋಯಿತು. ಮಣೆ, ಪರಾತ, ಹಂಚು, ಒರೆಸುವ ಬಟ್ಟೆ, ಎಲ್ಲ ಹೊಸದು ತಂದೆವು. ಆದರೆ ಮೇಲಿನಿಂದ ಡಬ್ಬಿ ಬರಲಿಲ್ಲ. ಒಂದು ವಾರ, ಎರಡು ವಾರ. ಅಲಮೇಲು ಮೆಟ್ಟಿಲಲ್ಲಿ ಎದುರಾದರೂ ಮುಖ ತಿರುಗಿಸುತ್ತಿದ್ದರು. ಅವರದು ತಪ್ಪೇ? ನಾನು ವಿಜಯಶ್ರೀಯ ಪಕ್ಕ ನಿಂತು ರೊಟ್ಟಿ ಬಡಿದೆ. ಅವಳದು ಮುರಿಯುತ್ತಿತ್ತು, ನಿಜ ಹೇಳಬೇಕೆಂದರೆ ಈ ಕೈಯಲ್ಲಿ ನನ್ನದೂ ಮುರಿಯುತ್ತಿತ್ತು. ಎಂಟು ಮನೆಯವರು ರೊಟ್ಟಿ ನಿಲ್ಲಿಸಿದರು.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ವಿಜಯಶ್ರೀ ರೊಟ್ಟಿ ಎತ್ತುವಾಗ ಅದು ನಟ್ಟನಡುವೆ ಸೀಳಿತು. ಅವಳ ಭುಜ ಮುದುಡಿತು. ಇಷ್ಟು ದಿನವಾದರೂ ನನ್ನ ಬಾಯಿಯ ಭಯ ಅವಳ ಮೈಯಿಂದ ಹೋಗಿಲ್ಲ. ನಾನು ಮುಂದಿನ ಉಂಡೆಯನ್ನು ಅವಳ ಮಣೆಯ ಮೇಲಿಟ್ಟೆ. ಆಗ ಬಾಗಿಲಲ್ಲಿ ಯಾರೋ ನಿಂತಂತಾಯಿತು. ಅಮೂಲ್ಯಾ. ಯೂನಿಫಾರ್ಮು ಹಾಕಿಕೊಂಡು, ಕೈಯಲ್ಲಿ ಡಬ್ಬಿ ಹಿಡಿದುಕೊಂಡು ನಿಂತಿದ್ದಳು. ಒಳಗೆ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತಳು.

"ಅಮ್ಮ ಕಳಿಸಿದ್ರು" ಎಂದಳು. ನನ್ನ ಕಡೆ ನೋಡದೆ ವಿಜಯಶ್ರೀಗೆ ಹೇಳಿದಳು. "ಅಕ್ಕಾ, ಮುರಿದಿರೋದು ಇದ್ರೆ ಮಾತ್ರ ಕೊಡಿ."

ವಿಜಯಶ್ರೀ ಆ ಎರಡು ತುಂಡನ್ನು ಬೇಯಿಸಿ ಡಬ್ಬಿಗೆ ಹಾಕಿದಳು. ನಾನು ಮುಟ್ಟಲಿಲ್ಲ.