ಎರಡು ಬೆರಳು ಗಸಿ

"ಬಾಯಿ ತೆಗಿ," ಅಂದ ಅಳಿಯ.

ಸಪ್ಲೈಯರ್ ಬಾಯಿ ತೆಗೆದ. ಈಗಷ್ಟೇ ಒಂದು ಗುಟುಕು ಕೆಂಪು ವೈನನ್ನು ಬಾಯಲ್ಲಿ ಆಡಿಸಿ ತಗಡಿನ ಡಬ್ಬಿಗೆ ಉಗಿದಿದ್ದ. ಬಾಟಲಿ ಕೆಟ್ಟಿದೆಯೋ ಇಲ್ಲವೋ ನೋಡುವುದು ಅವನ ಕೆಲಸ. ಹೋಟೆಲಿನ ಯಜಮಾನರು ಹಾಸಿಗೆ ಹಿಡಿದ ಮೇಲೆ ಗಲ್ಲಾದಲ್ಲಿ ಬಂದು ಕೂತ ಅವರ ಅಳಿಯನಿಗೆ ಮಾತ್ರ ಅವನು ಉಗಿಯುತ್ತಾನೆಂಬ ನಂಬಿಕೆಯಿಲ್ಲ. ನುಂಗಿದರೂ ಬಾಯಿ ಖಾಲಿ, ಉಗಿದರೂ ಬಾಯಿ ಖಾಲಿ. ಅಷ್ಟೂ ಹೊಳೆಯದ ಮನುಷ್ಯ ಮೊಬೈಲಿನ ಟಾರ್ಚು ಹಾಕಿ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನ ಹಾಗೆ ಬಗ್ಗಿ ನೋಡಿದ.

"ಮುಚ್ಚು. ಹೇಗಿದೆ?"

"ಚೆನ್ನಾಗಿದೆ ಸರ್. ಎರಡು ಗಂಟೆ ಗಾಳಿಗೆ ಬಿಟ್ಟರೆ ಒಗರು ಇಳಿಯುತ್ತೆ."

ದಕ್ಷಿಣ ಫ್ರಾನ್ಸಿನಿಂದ ಬಂದ ಮಾಲು. ಬಣ್ಣ ನೇರಳೆಗಿಂತ ಕಪ್ಪು, ನಾಲಿಗೆಯ ಮೇಲೆ ಒದ್ದೆ ಕಂಬಳಿಯಷ್ಟು ಭಾರ. ಮೊದಲು ಕಳಿತ ಹಣ್ಣು, ಹಿಂದೆಯೇ ಕಾಳುಮೆಣಸು, ಕೊನೆಗೆ ಬಿಸಿಲಿಗೊಣಗಿದ ಸೊಪ್ಪಿನ ವಾಸನೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ಇದಿಷ್ಟನ್ನೂ ಮೂಗಿನಿಂದ ಓದಿಕೊಂಡಿದ್ದ. ಮಧ್ಯಾಹ್ನ ಹನ್ನೆರಡು ಜನರ ಊಟವಿತ್ತು. ಒಲೆಯ ಮೇಲೆ ಮೆಣಸು ಹಾಕಿದ ಕುರಿಮಾಂಸ ಬೆಳಗಿನಿಂದ ಬೇಯುತ್ತಿತ್ತು. ಸಪ್ಪೆ ಅಡುಗೆ ಈ ವೈನಿನ ಮುಂದೆ ನಿಲ್ಲುವುದಿಲ್ಲ ಅಂತ ಅಡುಗೆಯಕ್ಕನಿಗೆ ಹೇಳಿ ಮಾಡಿಸಿದವನೂ ಅವನೇ.

ಆರು ಬಾಟಲಿಗಳನ್ನು ಒಂದೊಂದಾಗಿ ಗಾಜಿನ ಹೂಜಿಗಳಿಗೆ ಬಗ್ಗಿಸಿದ. ಬಾಟಲಿಯ ಕತ್ತಿನ ಕೆಳಗೆ ಮೇಣದಬತ್ತಿ ಉರಿಯುತ್ತಿರಬೇಕು. ತಳಕ್ಕಿಳಿದ ಗಸಿ ಕರೀ ಹೊಗೆಯ ಹಾಗೆ ಕತ್ತಿನವರೆಗೆ ಬಂದದ್ದು ಕಂಡ ಕೂಡಲೇ ಕೈ ನಿಲ್ಲಿಸಬೇಕು. ತಳದಲ್ಲಿ ಎರಡೆರಡು ಬೆರಳಿನಷ್ಟು ಉಳಿಯುತ್ತದೆ. ಆ ಎರಡು ಬೆರಳೇ ಅಳಿಯನ ಕಣ್ಣು ಕುಕ್ಕುತ್ತಿದ್ದದ್ದು.

"ಉಳಿದಿದ್ದು ಎಲ್ಲಿಗೆ ಹೋಗುತ್ತೆ?"

"ಬಟ್ಟೇಲಿ ಸೋಸಿ ಇಡ್ತೀನಿ ಸರ್. ಅಕ್ಕ ಮಾಂಸಕ್ಕೆ ಹಾಕ್ತಾರೆ."

"ಮಾಂಸಕ್ಕೋ, ನಿಮ್ಮಪ್ಪನಿಗೋ?"

ಸಿಂಕಿನ ಕಡೆ ತಟ್ಟೆಗಳ ಸದ್ದು ನಿಂತಿತು. ಅಲ್ಲಿ ತೊಳೆಯುತ್ತಿದ್ದವನು ಸಪ್ಲೈಯರನ ಅಪ್ಪ. ಹನ್ನೊಂದು ವರ್ಷ ಕುಡಿದು, ಹೆಂಡತಿಯ ಟ್ರಂಕನ್ನೂ ಬಿಡದೆ ಖಾಲಿ ಮಾಡಿ, ಈಗ ಎಂಟು ತಿಂಗಳಿಂದ ಮುಟ್ಟಿರಲಿಲ್ಲ. ಮಗನೇ ಯಜಮಾನರ ಕಾಲು ಹಿಡಿದು ಕೆಲಸಕ್ಕೆ ಸೇರಿಸಿದ್ದ. ಷರತ್ತು ಒಂದೇ: ಅಪ್ಪ ಒಂದು ತೊಟ್ಟು ಬಾಯಿಗಿಟ್ಟರೂ ಇಬ್ಬರೂ ಮನೆಗೆ.

"ಅವನು ಬಿಟ್ಟಿದ್ದಾನೆ ಸರ್."

"ಹೂಂ. ಬೆಕ್ಕೂ ಹಾಲು ಬಿಟ್ಟಿದೆಯಂತೆ." ಅಳಿಯ ಗಲ್ಲಾದ ಕಡೆ ಹೋದ.

ಹೂಜಿಯನ್ನು ಅವನ ತಲೆಗೇ ಸುರಿಯಬೇಕೆನಿಸಿತು. ಸುರಿಯಲಿಲ್ಲ. ಆರು ಬಾಟಲಿಗಳ ಗಸಿಯನ್ನು ಸ್ಟೀಲಿನ ಚೊಂಬಿಗೆ ಸೋಸಿ, ಒಲೆಯ ಪಕ್ಕದ ಹಲಗೆಯ ಮೇಲಿಟ್ಟು, ಊಟದ ಕೋಣೆಗೆ ನಡೆದ. ಈ ವೈನಿಗೆ ದೊಡ್ಡ ಹೊಟ್ಟೆಯ ಗ್ಲಾಸು ಬೇಕು, ತುಂಬುವುದು ಮೂರರಲ್ಲೊಂದು ಪಾಲು ಮಾತ್ರ. ಹನ್ನೆರಡು ಗ್ಲಾಸುಗಳನ್ನೂ ಬೆಳಕಿಗೆ ಹಿಡಿದು ಒರೆಸಿದ. ಒರೆಸುತ್ತಿದ್ದ ಹಾಗೆ ಅಳಿಯನ ಮಾತು ಕಿವಿಗೆ ಹೊಕ್ಕ ನೀರಿನ ಹಾಗೆ ಗುಳುಗುಳು ಅನ್ನುತ್ತಿತ್ತು. ಅಪ್ಪನಿಗೂ ಆ ಹಲಗೆಗೂ ನಾಲ್ಕು ಹೆಜ್ಜೆ. ಕೊನೆಯ ಎರಡು ಗ್ಲಾಸುಗಳನ್ನು ಸರಿಯಾಗಿ ಒರೆಸದೆ ವಾಪಸು ಬಂದ.

ಹಲಗೆಯ ಮೇಲೆ ಚೊಂಬಿರಲಿಲ್ಲ. ಸಿಂಕಿನ ಪಕ್ಕ ತೊಳೆದು ಬೋರಲು ಹಾಕಿತ್ತು. ಅಡುಗೆಯಕ್ಕ ಎಲ್ಲೂ ಕಾಣಲಿಲ್ಲ. ಅಪ್ಪ ಬೆನ್ನು ಮಾಡಿ ನಿಂತಿದ್ದ.

"ಇದರಲ್ಲಿದ್ದದ್ದು ಎಲ್ಲಿ?"

"ಸಿಂಕಿಗೆ ಬಂದಾಗ ಖಾಲಿ ಇತ್ತು ಕಣೋ. ತೊಳೆದಿಟ್ಟೆ."

ಅಮ್ಮ ಕೇಳಿದಾಗಲೂ ಹೀಗೇ, ಇದೇ ದನಿಯಲ್ಲಿ ಹೇಳಿದ್ದ. ಟ್ರಂಕು ಖಾಲಿ ಇತ್ತು ಅಂತ. ಮಗನ ಕಣ್ಣು ಅಪ್ಪನ ತುಟಿಯ ಮೇಲೆ ಬಿತ್ತು, ಅದು ಒದ್ದೆಯಾಗಿತ್ತು. ಕೈ ನಡುಗುತ್ತಿತ್ತು. ಆ ಕೈ ಮೊದಲಿಂದಲೂ ನಡುಗುತ್ತದೆ ಅನ್ನುವುದು ಆಗ ನೆನಪಾಗಲಿಲ್ಲ.

"ಬಾಯಿ ತೆಗಿ."

ಅಪ್ಪ ಅವನ ಮುಖ ನೋಡಿದ. ಲುಂಗಿಗೆ ಕೈ ಒರೆಸಿಕೊಂಡ. ಕಣ್ಣು ಮುಚ್ಚಿ ಬಾಯಿ ತೆಗೆದ.

ಮಗ ಟಾರ್ಚು ಹಾಕಿದ. ಈ ವೈನು ಒಂದು ಗುಟುಕಿಗೇ ನಾಲಿಗೆಯನ್ನು ಕಪ್ಪು ಮಾಡುತ್ತದೆ. ಅಪ್ಪನ ನಾಲಿಗೆ ಬೆಳ್ಳಗಿತ್ತು. ಕೆಳಗಿನ ಸಾಲಿನಲ್ಲಿ ನಾಲ್ಕು ಹಲ್ಲು ಇರಲಿಲ್ಲ. ಉಸಿರಿನಲ್ಲಿ ಬೆಳಗಿನ ಟೀ ಬಿಟ್ಟರೆ ಇನ್ನೇನೂ ಇರಲಿಲ್ಲ.

"ಏನೋ, ಹಲ್ಲು ಡಾಕ್ಟ್ರಾಗಿಬಿಟ್ಯಾ?" ಅಡುಗೆಯಕ್ಕ ಹಿಂದಿನ ಬಾಗಿಲಿಂದ ಈರುಳ್ಳಿ ಬುಟ್ಟಿ ಹೊತ್ತು ಬಂದಳು. ಬುಟ್ಟಿ ಇಳಿಸಿ ಪಾತ್ರೆಯ ಮುಚ್ಚಳ ತೆಗೆದಳು. "ಮಾಂಸ ಬೇಗ ಮೆತ್ತಗಾಯ್ತು. ನಿನ್ನ ಗಸಿ ಆಗಲೇ ಸುರಿದುಬಿಟ್ಟೆ. ವಾಸನೆ ನೋಡು."

ಹಬೆ ಎದ್ದಿತು. ಕಳಿತ ಹಣ್ಣು, ಕಾಳುಮೆಣಸು, ಒಣಗಿದ ಸೊಪ್ಪು. ಅವನು ಅಡುಗೆಮನೆಗೆ ಕಾಲಿಟ್ಟಾಗಲೇ ಆ ವಾಸನೆ ಅಲ್ಲಿತ್ತು.

ಮಗ ಟಾರ್ಚು ಆರಿಸಿದ. ಆಚೆ ಕೋಣೆಯಲ್ಲಿ ಅತಿಥಿಗಳು ಕುರ್ಚಿ ಎಳೆದು ಕೂರುತ್ತಿದ್ದ ಸದ್ದು ಕೇಳಿಸಿತು. ಅಳಿಯ ಅವನನ್ನು ಕೂಗಿದ.

ಅಪ್ಪ ಕಣ್ಣು ಮುಚ್ಚಿಕೊಂಡೇ ಇದ್ದ. ಬಾಯಿ ಇನ್ನೂ ತೆರೆದಿತ್ತು, ಮುಚ್ಚು ಅಂತ ಯಾರೂ ಹೇಳಿರಲಿಲ್ಲ.