ಹದಿನೇಳನೆಯ ಸಾಲು

ಪ್ರಯೋಗದ ವರದಿಯ ಎಂಟು ಹಾಳೆ ಎದೆಯ ಮೇಲೆ ಇಷ್ಟು ಭಾರವಾಗಬಾರದು, ಉಸಿರೆಳೆದಾಗ ಏರುತ್ತವೆ, ಬಿಟ್ಟಾಗ ಇಳಿಯುತ್ತವೆ, ಆರನೆಯ ಪುಟದ ಕೋಷ್ಟಕ, ಹದಿನೇಳನೆಯ ಸಾಲು, ಹೆಣ್ಣು, ಮೂವತ್ತನಾಲ್ಕು, ಕನ್ನಡಕದ ಅಂಗಡಿ, ಕೊನೆಯಲ್ಲಿ ಒಂದು ಪುಟ್ಟ ಸರಿ ಗುರುತು — ಗುಣ. ಹದಿನೇಳು ನಾನೇ, ಪ್ರಯೋಗಕ್ಕೆ ಸೇರಿದಾಗ ಆ ಸಂಖ್ಯೆ ಬರೆದುಕೊಟ್ಟ ಚೀಟಿ ಇನ್ನೂ ನನ್ನ ಫೈಲಿನಲ್ಲಿದೆ, ಆದರೆ ಗುಣ ಯಾರಿಗಾಯಿತು, ತಲೆ ಬಾಚಲು ಕೈ ಎತ್ತಲಾರದೆ ಕೂದಲು ಕತ್ತರಿಸಿಕೊಂಡವಳಿಗೆ, ಸ್ಟೂಲಿನ ಮೇಲೆ ಕೂತು ಸ್ನಾನ ಮಾಡಿ ಮಧ್ಯಾಹ್ನದವರೆಗೆ ಮಲಗುವವಳಿಗೆ? ವಾರವಾರ ಹೆಜ್ಜೆ ಹೆಚ್ಚಿಸಿದರೆ ಈ ಸುಸ್ತಿನ ಕಾಯಿಲೆ ಹೋಗುತ್ತದೆಂಬ ನಡಿಗೆಯ ಪ್ರಯೋಗವನ್ನು ನಾಲ್ಕನೆಯ ವಾರಕ್ಕೇ ಬಿಟ್ಟವಳು ನಾನು, ಹಾಸಿಗೆಯಿಂದ ಏಳಲಾಗದೆ. ತಪ್ಪು ಓದಿದೆನೇನೋ, ಮತ್ತೆ ನೋಡೋಣ — ಇಲ್ಲ, ಅದೇ. ಗಾಜನ್ನು ಚೌಕಟ್ಟಿಗೆ ಕೂರಿಸುತ್ತಿದ್ದ ಕಣ್ಣು ಇದು, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬಿಟ್ಟದ್ದಲ್ಲ, ಈಗ ಅದಕ್ಕೆ ದಿನಕ್ಕೆ ಒಂದೇ ಪುಟ, ಓದಿ ಒಂದು ಗಂಟೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಬೇಕು, ಆರನೆಯ ಪುಟಕ್ಕೆ ಬರಲು ಆರು ದಿನ ಹಿಡಿಯಿತು. ಅದಕ್ಕೂ ಮೊದಲು ಎರಡು ವರ್ಷ, ಕಂಪ್ಯೂಟರಿನಲ್ಲಿ ಅರ್ಧ ಪುಟದ ಸಾರಾಂಶ, ಕೆಳಗೊಂದು ಬೀಗದ ಚಿತ್ರ, ದುಡ್ಡು ಕೊಟ್ಟರಷ್ಟೇ ಉಳಿದದ್ದು, ನನ್ನ ಮೈಯನ್ನೇ ಅಳೆದು ಬರೆದದ್ದಕ್ಕೆ ನನಗೇ ಬೀಗ, ನಗು ಬರುತ್ತದೆ, ನಗುವುದಕ್ಕೂ ಶಕ್ತಿ ಬೇಕು. ಗ್ರಂಥಾಲಯದಾಕೆ ಎಲ್ಲಿಂದಲೋ ತರಿಸಿ ಅಂಚೆಗೆ ಹಾಕಿದ್ದಕ್ಕೆ ಸರಿಹೋಯಿತು.

ಈಗಿನ ಡಾಕ್ಟರಿಗೂ ಆ ಅರ್ಧ ಪುಟವೇ ಸಾಕು, ನೋಡಮ್ಮಾ, ಮೂವತ್ತು ಜನರಲ್ಲಿ ಹದಿನಾರು ಜನ ನಡೆದೂ ನಡೆದೂ ಗುಣ ಆಗಿದ್ದಾರೆ, ನೀನು ಮನಸ್ಸು ಮಾಡ್ತಿಲ್ಲ ಅಷ್ಟೆ, ವಾರಕ್ಕೆ ನೂರು ಹೆಜ್ಜೆ ಜಾಸ್ತಿ ಮಾಡು. ಮಾಡಿದೆ, ಬೀದಿ ಕೊನೆಯ ಔಷಧಿ ಅಂಗಡಿಯವರೆಗೆ ಹೋಗಿ ಅದರ ಮೆಟ್ಟಿಲ ಮೇಲೆ ಕುಸಿದೆ, ಆ ಹದಿನಾರು ಜನರ ಮೇಲೆ ಎಷ್ಟು ಹೊಟ್ಟೆಕಿಚ್ಚುಪಟ್ಟೆ, ಅವರಲ್ಲಿ ಒಬ್ಬಳು ನಾನೇ. ಆ ಸರಿ ಗುರುತು ಹಾಕಿದ ಕೈ ಯಾವುದು — ಕೋಷ್ಟಕದ ಕೆಳಗೆ ಇರುವೆಯಷ್ಟು ಅಕ್ಷರ, ಮಧ್ಯದಲ್ಲಿ ಬಿಟ್ಟವರ ಸ್ಥಿತಿಯನ್ನು ಫೋನಿನಲ್ಲಿ ಮನೆಯವರಿಂದ ತಿಳಿದುಕೊಳ್ಳಲಾಗಿದೆ. ಮನೆಯವರು ಅಂದರೆ ಅಮ್ಮ.

ಬಾಗಿಲಲ್ಲಿ ನನ್ನ ಶೂ ಹಿಡಿದು ನಿಂತಿದ್ದಾಳೆ, ಹೊತ್ತಾಯ್ತು ಪುಟ್ಟಿ, ಇವತ್ತಿನ ಹೆಜ್ಜೆ ಆಗಿಲ್ಲ. ಅಮ್ಮಾ, ಆ ಪ್ರಯೋಗದವರು ಯಾವತ್ತಾದ್ರೂ ಫೋನ್ ಮಾಡಿದ್ರಾ? ಯಾವ ಪ್ರಯೋಗ, ಹೂಂ, ಆಗ ಯಾರೋ ಒಬ್ಬಳು ಮಾಡಿದ್ದಳು, ಹೇಗಿದ್ದಾರೆ ಅಂದಳು, ನಿನ್ನ ಅಂಗಡಿಯವರೇ ಯಾರ ಕೈಲೋ ಕೇಳಿಸ್ತಿದ್ದಾರೆ ಅಂದ್ಕೊಂಡೆ, ಕೆಲಸಕ್ಕೆ ಬೇರೆಯವರನ್ನ ತಗೊಂಡ್ಬಿಟ್ರೆ ಅಂತ, ಚೆನ್ನಾಗಿದ್ದಾಳೆ, ಓಡಾಡ್ತಿದ್ದಾಳೆ, ನಾಳೆನೇ ಕೆಲಸಕ್ಕೆ ಬರ್ತಾಳೆ ಅಂದೆ, ಯಾಕೆ, ತಪ್ಪಾಯ್ತಾ?

ಕೆಲಸ ಆಮೇಲೆ ಹೋಗಿಯೇ ಹೋಯಿತು, ಸುಳ್ಳು ಮಾತ್ರ ಅಚ್ಚಾಗಿ ಉಳಿಯಿತು. ಕೋಪ ಬರುತ್ತಿದೆ, ಅವಳ ಮುಖ ನೋಡಿದರೆ ಅದು ಉಳಿಯುವುದಿಲ್ಲ, ಬರೆಯಬೇಕು ಆ ಪ್ರಯೋಗದವರಿಗೆ, ಹದಿನೇಳಕ್ಕೆ ಗುಣವಾಗಿಲ್ಲ ಎಂದು, ಇವತ್ತು ಒಂದು ಸಾಲು, ನಾಳೆ ಒಂದು ಸಾಲು, ಶೂ ಒಳಗಿಡಮ್ಮಾ, ನಾನು ನಡೆಯಲ್ಲ — ಆದರೆ ಈ ಹೊತ್ತಿನಲ್ಲೇ ಯಾವುದೋ ಊರಿನಲ್ಲಿ ಇನ್ನೊಬ್ಬಳು ಗೋಡೆ ಹಿಡಿದು ಏಳುತ್ತಿರುತ್ತಾಳೆ, ಹದಿನಾರು ಜನರಿಗೆ ಆದದ್ದು ನನಗೇಕೆ ಆಗದು ಎಂದು, ನನ್ನನ್ನು ನಂಬಿ, ಇನ್ನು ನೂರು ಹೆಜ್ಜೆ, ತಾನು ನೋಡದ ಆ ಸರಿ ಗುರುತನ್ನು ನೆಚ್ಚಿಕೊಂಡು, ಆ ಸರಿ ಗುರುತು, ಆ ಸರಿ ಗುರುತು